ಅಟ್ಟಕ್ಕೂ ಉಸಿರು ಬೇಕು! ಎಷ್ಟು ಅಂತ ಲೆಕ್ಕ ಹಾಕಿದ್ದೀರಾ?

ಪುತ್ತೂರು: ಇಲ್ಲಿಂದ ಸುಳ್ಯದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತವರು ಒಮ್ಮೆ ರಸ್ತೆ ಬದಿಯ ಮನೆಗಳ ಮಾಡುಗಳನ್ನೇ ನೋಡುತ್ತ ಹೋಗಲಿ. ಕುಂಬ್ರ ದಾಟುವುದರೊಳಗೆ ಸಂಗತಿ ಗೊತ್ತಾಗುತ್ತದೆ. ಕೆಂಪು ಹಂಚು ಇದ್ದ ಕಡೆ ಈಗ ನೀಲಿ ತಗಡು, ಹಸಿರು ತಗಡು, ಕೆಲವು ಕಡೆ ಹಂಚಿನದೇ ಆಕಾರ ಕೊಟ್ಟ ಕೆಂಪು ತಗಡು! ದೂರದಿಂದ ನೋಡಲು ಚೆಂದ. ಸೋರುವುದಿಲ್ಲ, ಮಂಗ ಹಾರಿದರೆ ಒಡೆಯುವುದಿಲ್ಲ. ಆದರೆ ಆ ತಗಡಿನ ಕೆಳಗಿನ ಅಟ್ಟಕ್ಕೆ ಏಣಿ ಇಟ್ಟು ಹತ್ತಿ ನೋಡಿದವರೆಷ್ಟು ಮಂದಿ?

ಪೇಟೆಯ ಕಿರಾಣಿ ಅಂಗಡಿಯ ಯಜಮಾನರೊಬ್ಬರು ಹತ್ತಿ ನೋಡುವಾಗ ತಡವಾಗಿತ್ತು. ಅಂಗಡಿ ಪೇಟೆಯಲ್ಲಿ, ಮನೆ ಮತ್ತು ಎರಡೆಕ್ರೆ ಅಡಿಕೆ ತೋಟ ಹಳ್ಳಿಯಲ್ಲಿ. ಸುಮಾರು 40 ದಿನ ಅಂಗಳದಲ್ಲಿ ಬಿಸಿಲಿಗೆ ಹಾಕಿ, ಸುಲಿದು, ಒಳ್ಳೆಯ ರೇಟು ಬರಲಿ ಅಂತ ಅಟ್ಟದಲ್ಲಿ ಇಟ್ಟ ಚಾಲಿ ಅಡಿಕೆ 24 ಗೋಣಿ. 2022ರ ಮಳೆಗಾಲ ಕಳೆದು, ಮಗಳ ಕಾಲೇಜಿನ ಫೀಸು ಕಟ್ಟಲೆಂದು ಗೋಣಿ ಇಳಿಸಿದರು. ಖರೀದಿದಾರರು ಅಡಕತ್ತರಿಯಲ್ಲಿ ನಾಲ್ಕು ಅಡಿಕೆ ಸೀಳಿ ನೋಡಿ ಮುಖ ಕಿವುಚಿದರು. ಒಳಗೆಲ್ಲ ಬೂಷ್ಟು! ಏಳು ಗೋಣಿ ಪೂರ್ತಿ ಹೋಯಿತು, ಉಳಿದದ್ದಕ್ಕೆ ಅರೆಬರೆ ರೇಟು.

"ನಮ್ಮ ಅಪ್ಪನ ಕಾಲದಿಂದ ಅದೇ ಅಟ್ಟ ಮಾರಾಯ್ರೆ. ಒಂದೇ ಒಂದು ವರ್ಷ ಹೀಗೆ ಆದದ್ದಿಲ್ಲ. ಈಗೆಂತ ಆಯ್ತು?" ಇದು ಯಜಮಾನರ ಪ್ರಶ್ನೆ.

ಆದದ್ದೇನೆಂದರೆ, ಅಟ್ಟ ಅದೇ, ಆದರೆ ಅದರ ಉಸಿರು ನಿಂತಿತ್ತು.

ಹಂಚಿಗೆ ಲೆಕ್ಕ ಬೇಕಿರಲಿಲ್ಲ

ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಸೀಮೆಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ಹಂಚಿನ ಮಾಡಿನಲ್ಲಿ ಸಿಮೆಂಟು ಹಾಕಿ ಮೆತ್ತುವ ಕೆಲಸವಿಲ್ಲ. ರೀಪಿನ ಮೇಲೆ ಒಂದಕ್ಕೊಂದು ಕೊಂಡಿ ಹಾಕಿ ಕೂರಿಸಿದರೆ ಮುಗಿಯಿತು. ಪ್ರತಿ ಎರಡು ಹಂಚಿನ ನಡುವೆ ಕೂದಲೆಳೆಯಷ್ಟು ಸಂದು. ಒಂದು ಸಾಧಾರಣ ಮನೆಗೆ ಸಾವಿರ, ಸಾವಿರದೈನೂರು ಹಂಚು ಎಂದರೆ ಅಷ್ಟೂ ಸಂದುಗಳಿಂದ ಮಾಡು ಹಗಲೂ ರಾತ್ರಿ ಉಸಿರಾಡುತ್ತಿತ್ತು. ಸೂರಿನಡಿಯಲ್ಲಿ ಗೋಡೆಗೂ ಪಕ್ಕಾಸಿಗೂ ಮಧ್ಯೆ ಗೇಣಗಲ ಖಾಲಿ ಜಾಗ ಬೇರೆ.

ಇದಲ್ಲದೆ ಅಡುಗೆ ಮನೆಯ ಸೌದೆ ಒಲೆ! ದಿನಕ್ಕೆ ಎರಡು ಹೊತ್ತು ಬಿಸಿ ಹೊಗೆ ಅಟ್ಟಕ್ಕೆ ಏರಿ, ಅಲ್ಲಿಯ ಹಸಿಯನ್ನು ಒಣಗಿಸಿ, ಹುಳ ಹುಪ್ಪಟೆಯನ್ನು ಓಡಿಸಿ, ಹಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ಪಕ್ಕಾಸುಗಳು ಮಸಿ ಹಿಡಿದು ಕಪ್ಪಾಗುತ್ತಿದ್ದವು, ಆದರೆ ಅವಕ್ಕೆ ಗೆದ್ದಲು ಹತ್ತುತ್ತಿರಲಿಲ್ಲ. ಅಟ್ಟಕ್ಕೆ ಎಷ್ಟು ಗಾಳಿ ಬೇಕು ಎಂದು ಯಾವ ಅಜ್ಜನೂ ಲೆಕ್ಕ ಹಾಕಿದವನಲ್ಲ. ಹಾಕುವ ಅಗತ್ಯವೇ ಇರಲಿಲ್ಲ.

ಬಾಯಿ ಮುಚ್ಚಿದ್ದು ಯಾರು?

ಕಾಲ ಬದಲಾಯಿತು. ಮಂಗಗಳ ಉಪದ್ರ ಹೆಚ್ಚಿತು. ವರ್ಷಕ್ಕೊಮ್ಮೆ ಹಂಚು ಕೈಯಾಡಿಸಲು ಬರುವ ಜನ ಸಿಗದಾದರು. ಯಜಮಾನರು 2019ರ ಬೇಸಗೆಯಲ್ಲಿ ಹಂಚು ಇಳಿಸಿ ತಗಡು ಹಾಕಿಸಿದರು. ತಪ್ಪೇನಿಲ್ಲ, ಅನುಕೂಲ ನೋಡಿ ಮಾಡಿದ ಕೆಲಸ. ಆಮೇಲೆ ಇಲಿ, ಕಬ್ಬೆಕ್ಕು ಬರುತ್ತವೆ ಎಂದು ಸೂರಿನಡಿಯ ಸಂದಿಗೆ ಇಟ್ಟಿಗೆ ಇಟ್ಟು ಸಿಮೆಂಟು ಮೆತ್ತಿಸಿದರು. ಹಿಂಬದಿ ತ್ರಿಕೋನ ಗೋಡೆಯಲ್ಲಿದ್ದ ಮರದ ಜಾಲಿಗೆ ಪ್ಲೈವುಡ್ ಹೊಡೆಸಿದರು. ಅಷ್ಟರಲ್ಲಿ ಸೌದೆ ಒಲೆ ಹೋಗಿ ಗ್ಯಾಸ್ ಬಂದಿತ್ತು. ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನಿನ ಪೈಪನ್ನು ಹೊರಗೆ ಒಯ್ಯುವ ಬದಲು, ಹತ್ತಿರವಾಯಿತೆಂದು, ಅಟ್ಟದೊಳಗೇ ಬಿಟ್ಟರು!

ಅಂದರೆ ಗಂಜಿ ಬೇಯುವ ಹಬೆ, ಕುಕ್ಕರಿನ ಹಬೆ, ಒಳಗೆ ಒಣಹಾಕಿದ ಬಟ್ಟೆಯ ಹಸಿ ಎಲ್ಲ ಅಟ್ಟಕ್ಕೆ. ಹೊರಗೆ ಹೋಗಲು ಒಂದು ತೂತೂ ಇಲ್ಲ. ಮಣ್ಣಿನ ಹಂಚು ಸ್ವಲ್ಪ ಹಸಿಯನ್ನು ಕುಡಿದುಕೊಂಡು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ತಗಡಿಗೆ ಆ ಗುಣವಿಲ್ಲ. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಹಬೆ ಅದರ ಅಡಿಗೆ ತಾಗಿ ಹನಿಯಾಗುತ್ತದೆ. ಐಸ್ ಹಾಕಿದ ಲೋಟದ ಹೊರಗೆ ನೀರು ಕೂರುವ ಹಾಗೆ. ಆ ಹನಿ ತೊಟ್ಟಿಕ್ಕಿದ್ದು ಅಡಿಕೆ ಗೋಣಿಯ ಮೇಲೆ. ಯಜಮಾನರು ಮಾತ್ರ "ತಗಡು ಸೋರ್ತದೆ" ಅಂತ ಹಾಕಿದವನನ್ನು ಎರಡು ಸಲ ಕರೆಸಿ ಬೈದರು. ಪಾಪ, ಅವನದು ತಪ್ಪಿರಲಿಲ್ಲ.

ಬಿಲ್ಲಿನ ಹಿಂದೆ ಬರೆದ ಲೆಕ್ಕ

ಅಂಗಡಿಗೆ ದಿನಾ ಸಂಜೆ ಬಂದು ಬೆಂಚಿನಲ್ಲಿ ಕೂತು ಪೇಪರ್ ಓದುವ ನಿವೃತ್ತ ಓವರ್‌ಸಿಯರ್ ಒಬ್ಬರಿದ್ದಾರೆ. ಅವರು ಒಂದು ದಿನ ಬಿಲ್ ಪುಸ್ತಕದ ಹಾಳೆ ಹರಿದು ಹಿಂದಿನ ಬದಿಯಲ್ಲಿ ಲೆಕ್ಕ ಹಾಕಿಯೇ ಬಿಟ್ಟರು.

"ತಗಡು ಹಾಕಿದ್ದು ತಪ್ಪಲ್ಲ ಯಜಮಾನ್ರೆ. ಬಾಯಿ ಮುಚ್ಚಿದ್ದು ತಪ್ಪು. ನಿಮ್ಮ ಅಟ್ಟ ಎಷ್ಟುದ್ದ, ಎಷ್ಟಗಲ?"

"ಉದ್ದ ಮೂವತ್ತಡಿ, ಅಗಲ ಇಪ್ಪತ್ತೈದು."

"ಅಂದ್ರೆ 750 ಚದರಡಿ. ಅದನ್ನು 150ರಿಂದ ಭಾಗಿಸಿ. ಎಷ್ಟಾಯ್ತು?"

"ಐದು."

"ಐದು ಚದರಡಿ ಬಾಯಿ ಬೇಕು ನಿಮ್ಮ ಅಟ್ಟಕ್ಕೆ. ಈಗ ಉಂಟಾ?"

ಇದ್ದದ್ದು ಸೊನ್ನೆ.

ಈ 150ರ ಲೆಕ್ಕ ಬಂದದ್ದು ಅಮೆರಿಕದಿಂದ. ಅಲ್ಲಿಯ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ 1942ರಲ್ಲಿ ಹೊರಡಿಸಿದ ಮನೆ ನಿಯಮದಲ್ಲಿ ಅಟ್ಟದ ವಿಸ್ತೀರ್ಣದ 300ರಲ್ಲಿ 1 ಭಾಗ ಗಾಳಿಕಿಂಡಿ ಇರಬೇಕು ಎಂದಿತ್ತು. ಮುಂದೆ ಅಲ್ಲಿಯ ಕಟ್ಟಡ ಸಂಹಿತೆ 150ರಲ್ಲಿ 1 ಭಾಗ ಎಂದು ಹೇಳಿ, ಕಿಂಡಿಗಳನ್ನು ಮೇಲೆ ಅರ್ಧ ಕೆಳಗೆ ಅರ್ಧ ಎಂಬಂತೆ ಸರಿಯಾಗಿ ಹಂಚಿದರೆ 300ರಲ್ಲಿ 1 ಸಾಕು ಎಂದಿತು. ಹಿಮ ಬೀಳುವ ಊರಿನಲ್ಲಿ ಅಟ್ಟ ಹಸಿಯಾಗದಿರಲಿ ಎಂದು ಮಾಡಿದ ನಿಯಮ ಅದು. ನಮ್ಮ ಸೆಕೆಯನ್ನೋ ಆಟಿ ತಿಂಗಳ ಮಳೆಯನ್ನೋ ನೋಡಿ ಮಾಡಿದ್ದಲ್ಲ. ಆದ್ದರಿಂದ ಅದನ್ನು ವೇದವಾಕ್ಯ ಅಂತ ಹಿಡಿಯಬೇಕಿಲ್ಲ. ಲೆಕ್ಕಕ್ಕೆ ಒಂದು ಬುಡ ಬೇಕು, ಅಷ್ಟಕ್ಕೆ ಸಾಕು. ಓವರ್‌ಸಿಯರರ ಮಾತಿನಲ್ಲಿ ಹೇಳುವುದಾದರೆ, "ನಮ್ಮ ಸೆಕೆಗೆ 150ರ ಲೆಕ್ಕವೇ ಇರಲಿ. ಜಾಸ್ತಿಯಾದ್ರೆ ನಷ್ಟ ಇಲ್ಲ, ಮಳೆ ಎರಚದ ಹಾಗೆ ಮಾಡಿದ್ರಾಯ್ತು."

ಓದುಗರು ತಮ್ಮ ತಮ್ಮ ಅಟ್ಟಕ್ಕೆ ಸುಲಭವಾಗಿ ಲೆಕ್ಕ ಹಾಕಿಕೊಳ್ಳಬಹುದು. 300 ಚದರಡಿ ಅಟ್ಟಕ್ಕೆ 2 ಚದರಡಿ, 600ಕ್ಕೆ 4, 900ಕ್ಕೆ 6. ಅಂಗಡಿ ಮೇಲಿನ ಸಣ್ಣ ಅಟ್ಟ 150 ಚದರಡಿ ಇದ್ದರೆ ಒಂದೇ ಒಂದು ಚದರಡಿ. ಇಷ್ಟಕ್ಕೆ ಇಂಜಿನಿಯರ್ ಬೇಡ, ಅಳತೆ ಟೇಪು ಸಾಕು.

ಆದರೆ ಒಂದು ಎಚ್ಚರ. ಇದು ಸಾಮಾನು ಇಡುವ ಅಟ್ಟದ ಲೆಕ್ಕ. ಅಟ್ಟದಲ್ಲಿ ಮಗ ಓದಲು ಕೂರುತ್ತಾನೆ, ಅಂಗಡಿ ಹುಡುಗ ಮಲಗುತ್ತಾನೆ ಎಂದಾದರೆ ಅದು ಅಟ್ಟವಲ್ಲ, ಕೋಣೆ! ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕರಾವಳಿಯಂಥ ಸೆಕೆಯ ಊರಿನಲ್ಲಿ ಜನ ವಾಸಿಸುವ ಕೋಣೆಗೆ, ಬಾಗಿಲು ಬಿಟ್ಟು, ನೆಲದ ಆರನೇ ಒಂದು ಭಾಗದಷ್ಟು ಕಿಟಕಿ ಬೇಕು. 750 ಚದರಡಿಗೆ 125 ಚದರಡಿ. ಐದೆಲ್ಲಿ, ನೂರಿಪ್ಪತ್ತೈದೆಲ್ಲಿ! ಮಧ್ಯಾಹ್ನದ ತಗಡಿನಡಿ ಕಿಟಕಿಯಿಲ್ಲದ ಅಟ್ಟದಲ್ಲಿ ಆಳುಮಗನನ್ನು ಮಲಗಿಸುವ ಅಂಗಡಿಯವರು ಈ ವ್ಯತ್ಯಾಸವನ್ನು ಸ್ವಲ್ಪ ಯೋಚಿಸಬೇಕು.

ಜಾಲರಿ ತಿನ್ನುವ ಅರ್ಧ

ಐದು ಚದರಡಿ ಎಂದರೆ ಗೋಡೆಯಲ್ಲಿ ಕೊರೆದ ತೂತಿನ ಅಳತೆಯಲ್ಲ, ಗಾಳಿ ನಿಜವಾಗಿ ಹಾಯುವ ಜಾಗ. ಹೆಚ್ಚಿನವರು ಎಡವುವುದು ಇಲ್ಲೇ. ತೂತಿಗೆ ಸೊಳ್ಳೆ ಜಾಲರಿ ಹೊಡೆದರೆ ಅದರ ದಾರವೇ ಅರ್ಧದಷ್ಟು ಜಾಗ ತಿನ್ನುತ್ತದೆ. ಆರು ತಿಂಗಳಲ್ಲಿ ಧೂಳು, ಜೇಡರ ಬಲೆ ಕಟ್ಟಿ ಉಳಿದರ್ಧವೂ ಹೋಗುತ್ತದೆ. ಮಳೆ ತಡೆಯಲು ಓರೆ ಪಟ್ಟಿ ಕೂರಿಸಿದರೂ ಅದೇ ಕಥೆ. ಸೇರಿನಲ್ಲಿ ಅಳೆದು ಕೊಡುವಾಗ ಅಡಿಯಲ್ಲಿ ಹೆಬ್ಬೆರಳು ಇಟ್ಟ ಹಾಗೆ!

ಆದ್ದರಿಂದ ಜಾಲರಿ ಹಾಕುವುದಾದರೆ ತೂತು ಇಮ್ಮಡಿ ಮಾಡಬೇಕು. ಇಲಿ ತಡೆಯಲು ಕಾಲು ಇಂಚು ಕಣ್ಣಿನ ತಂತಿ ಜಾಲರಿ ಸಾಕಾಗುತ್ತದೆ. ಗಾಳಿಗೆ ಅಡ್ಡಿಯೂ ಕಡಿಮೆ, ಪೊರಕೆಯಲ್ಲಿ ಬಡಿದರೆ ಧೂಳು ಬೀಳುತ್ತದೆ. ಜಾಲರಿ ಬೇಡ ಎಂದು ತೆರೆದು ಬಿಟ್ಟರೆ ಬಾವಲಿ, ಹಾವು, ಕಣಜದ ಗೂಡು. ಅದೂ ಆಗದು.

ಎಲ್ಲಿ ಕೊರೆಯಬೇಕು?

ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದೇ ದೊಡ್ಡ ಪ್ರಶ್ನೆ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಮೇಲೆ ದಾರಿ ಇದ್ದರೆ ಹೊರಗೆ ಹೋಗುತ್ತದೆ. ಅದು ಹೋದಷ್ಟೇ ತಣ್ಣನೆ ಗಾಳಿ ಕೆಳಗಿನಿಂದ ಬರಬೇಕು. ಮೇಲಿನ ಬಾಯಿ ಮಾತ್ರ ಇದ್ದರೆ ಪ್ರಯೋಜನ ಕಡಿಮೆ, ಕೆಳಗಿನದು ಮಾತ್ರ ಇದ್ದರೂ ಅಷ್ಟೇ. ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಹತ್ತಿ ಮುಂದಿನ ಬಾಗಿಲಿನಿಂದ ಇಳಿದರೆ ಜನ ಸಲೀಸಾಗಿ ಸಾಗುತ್ತಾರೆ. ಒಂದೇ ಬಾಗಿಲಾದರೆ ತಳ್ಳಾಟ. ಗಾಳಿಯ ಕಥೆಯೂ ಅದೇ.

ಯಜಮಾನರ ಮನೆಗೆ ಓವರ್‌ಸಿಯರ್ ಹಾಕಿದ ಲೆಕ್ಕ ಹೀಗಿತ್ತು. ಐದು ಚದರಡಿ ಎಂದರೆ 720 ಚದರ ಇಂಚು. ಅರ್ಧ, ಅಂದರೆ 360 ಚದರ ಇಂಚು, ಕೆಳಗೆ ಸೂರಿನಡಿ. ಜಾಲರಿಗಾಗಿ ಇಮ್ಮಡಿ ಮಾಡಿದರೆ 720. ಆರಿಂಚು ಉದ್ದ ಆರಿಂಚು ಅಗಲದ ಒಂದು ತೂತು 36 ಚದರ ಇಂಚು. ಅಲ್ಲಿಗೆ 20 ತೂತು. ಎರಡು ಬದಿಯ ಮೂವತ್ತಡಿ ಗೋಡೆಗೆ ಹತ್ತು ಹತ್ತರಂತೆ, ಮೂರಡಿಗೊಂದು.

ಉಳಿದ 360 ಚದರ ಇಂಚು ಮೇಲೆ, ಎರಡು ತುದಿಯ ತ್ರಿಕೋನ ಗೋಡೆಗಳ ನೆತ್ತಿಯ ಹತ್ತಿರ. ಒಂದೊಂದಕ್ಕೆ 180. ಓರೆ ಪಟ್ಟಿ ಮತ್ತು ಜಾಲರಿಗಾಗಿ ಇಮ್ಮಡಿಯಾದರೆ 360. ಅಂದರೆ 18 ಇಂಚು ಅಗಲ, 20 ಇಂಚು ಎತ್ತರದ ಒಂದೊಂದು ಕಿಂಡಿ. ಪಡುವಣ ದಿಕ್ಕಿನ ಕಿಂಡಿಗೆ ಮಳೆ ಎರಚದಂತೆ ಒಂದೂವರೆ ಅಡಿ ತಗಡಿನ ಮರೆ. ಎಕ್ಸಾಸ್ಟ್ ಪೈಪನ್ನು ಗೋಡೆ ಕೊರೆದು ಹೊರಗೆ ತಿರುಗಿಸಲು ಪ್ರತ್ಯೇಕ ಸೂಚನೆ!

ಇಷ್ಟು ಮಾಡಿದರೆ ಎಷ್ಟು ಗಾಳಿ ಆಡುತ್ತದೆ? ಕೆಳಗಿನ ಬಾಯಿಗೂ ಮೇಲಿನ ಬಾಯಿಗೂ ಐದಡಿ ಎತ್ತರದ ಅಂತರ, ಒಳಗಿನ ಗಾಳಿ ಹೊರಗಿಗಿಂತ 10 ಡಿಗ್ರಿ ಬಿಸಿ ಎಂದಿಟ್ಟುಕೊಳ್ಳಿ. ಹೊರಗೆ ಎಲೆ ಅಲುಗದಿದ್ದರೂ ಇಂಥ ಅಟ್ಟದ ಗಾಳಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗುತ್ತದೆ. ಕರೆಂಟು ಬಿಲ್ಲಿಲ್ಲ, ಮೋಟಾರಿಲ್ಲ. ಗಾಳಿ ಬೀಸಿದರೆ ಇನ್ನೂ ಬೇಗ.

ಗೋಡೌನುಗಳ ಮೇಲೆ ಗಿರಗಿರ ತಿರುಗುವ ಗೋಳದಂಥ ವೆಂಟಿಲೇಟರುಗಳನ್ನು ಬಸ್ಸಿನಿಂದ ನೋಡಿದವರು "ಅದೊಂದು ಹಾಕಿದ್ರೆ ಆಯ್ತಲ್ಲ" ಅನ್ನುವುದುಂಟು. ಹಾಕಬಹುದು. ಆದರೆ ಕೆಳಗೆ ಗಾಳಿ ಬರುವ ದಾರಿ ಇಲ್ಲದಿದ್ದರೆ ಅದು ಎಳೆಯುವುದು ಎಲ್ಲಿಂದ? ಮುಚ್ಚಿಗೆಯ ಸಂದಿನಿಂದ, ಮನೆಯೊಳಗಿನ ಗಾಳಿಯನ್ನೇ! ಅಡುಗೆ ಮನೆಯ ಹಬೆಯೂ ಅದರೊಟ್ಟಿಗೆ ಅಟ್ಟ ಸೇರುತ್ತದೆ.

ಗಾಳಿ ಮಾಡದ ಕೆಲಸ

ಇಷ್ಟೆಲ್ಲ ಕೇಳಿ ಅಟ್ಟಕ್ಕೆ ತೂತು ಕೊರೆದರೆ ಮನೆ ಏಸಿ ಆಗುತ್ತದೆ ಎಂದು ಭಾವಿಸಿದರೆ ಮೋಸ ಹೋದಂತೆ. ಎರಡು ಸಂಗತಿಗಳನ್ನು ಗಾಳಿ ಸರಿಪಡಿಸಲಾರದು.

ಒಂದು, ತಗಡಿನ ಕಾವು. ಬೇಸಗೆಯ ಮಧ್ಯಾಹ್ನ ಕೈ ಇಟ್ಟರೆ ಸುಡುವ ತಗಡು ಕೆಂಡದ ಹಾಗೆ ನೇರವಾಗಿ ಕೆಳಕ್ಕೆ ಕಾವು ಸುರಿಸುತ್ತದೆ. ಒಲೆಯ ಎದುರು ಫ್ಯಾನು ಹಾಕಿ ಕೂತರೂ ಮುಖಕ್ಕೆ ಕಾವು ಹೊಡೆಯುತ್ತದಲ್ಲ, ಹಾಗೆ. ಗಾಳಿಕಿಂಡಿ ಬಿಸಿ ಗಾಳಿಯನ್ನು ಹೊರಗೆ ಹಾಕುತ್ತದೆಯೇ ಹೊರತು ಈ ಕಾವನ್ನು ತಡೆಯುವುದಿಲ್ಲ. ಅದಕ್ಕೆ ತಗಡಿನ ಮೇಲೆ ಬಿಳಿ ಬಣ್ಣ, ಇಲ್ಲವೇ ಅಡಿಯಲ್ಲಿ ಒಂದೆರಡು ಇಂಚು ಸಂದು ಬಿಟ್ಟು ಹೊಳೆಯುವ ಅಲ್ಯೂಮಿನಿಯಂ ಹಾಳೆ ಬೇಕು. ಹಂಚು ಉಳಿಸಿಕೊಂಡು ಅದರ ಮೇಲೆ ಎತ್ತರಿಸಿ ತಗಡು ಹಾಕಿದವರು ಜಾಣರು. ಅವರ ಮನೆಯಲ್ಲಿ ಹಂಚೇ ಅಡ್ಡಗೋಡೆ.

ಎರಡು, ಮಳೆಗಾಲ. ಆಟಿಯ ಜಡಿಮಳೆಯಲ್ಲಿ ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಅದನ್ನು ಅಟ್ಟಕ್ಕೆ ಎಷ್ಟು ಬಿಟ್ಟರೂ ಒಣ ವಸ್ತು ಒಣಗುವುದಿಲ್ಲ. ಒಣಗಿದ ಅಡಿಕೆಯೂ ಹಸಿ ಎಳೆದುಕೊಳ್ಳುತ್ತದೆ. ಆಗ ಗಾಳಿಯ ಕೆಲಸ ಮನೆಯೊಳಗಿನ ಹಬೆಯನ್ನು ಹೊರಗೆ ಕಳಿಸುವುದು, ತಗಡಿನಡಿ ಹನಿಗಟ್ಟದಂತೆ ನೋಡುವುದು, ಅಷ್ಟೇ. ಅಡಿಕೆ, ಒಣಮೆಣಸು, ಬೆಲ್ಲ, ಬೆಂಕಿಪೊಟ್ಟಣ, ಕಾಗದ ಏನಿದ್ದರೂ ಚೆನ್ನಾಗಿ ಒಣಗಿರುವಾಗಲೇ ದಪ್ಪ ಪ್ಲಾಸ್ಟಿಕ್ಕಿನ ಒಳಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹಲಗೆ ಮೇಲೆ, ಗೋಡೆಯಿಂದ ಗೇಣು ದೂರ ಇಡಬೇಕು. ಅರೆ ಒಣಗಿದ್ದನ್ನು ಕಟ್ಟಿದರೆ ಬೂಷ್ಟು ಚೀಲದೊಳಗೇ ಹುಟ್ಟುತ್ತದೆ, ಜೋಕೆ.

ಊದುಬತ್ತಿ ಪರೀಕ್ಷೆ

ತಮ್ಮ ಅಟ್ಟ ಉಸಿರಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ದುಬಾರಿ ಯಂತ್ರ ಬೇಡ. ಮಧ್ಯಾಹ್ನ ಮೂರು ಗಂಟೆಗೆ ಟಾರ್ಚು ಹಿಡಿದು ಅಟ್ಟ ಹತ್ತಿ. ಸೂರಿನ ತೂತಿನ ಹತ್ತಿರ ಒಂದು ಊದುಬತ್ತಿ ಹಚ್ಚಿ ಹಿಡಿಯಿರಿ. ಗೋಣಿ, ಕಾಗದ ದೂರವಿರಲಿ. ಹೊಗೆ ಒಳಮುಖವಾಗಿ ಬಂದು ಮೇಲಿನ ಕಿಂಡಿಯತ್ತ ಸರಿದರೆ ಅಟ್ಟ ಆರೋಗ್ಯವಾಗಿದೆ. ನೆಟ್ಟಗೆ ನಿಂತು ಮಾಡಿನಡಿ ಮೋಡ ಕಟ್ಟಿದರೆ ಬಾಯಿ ಕಟ್ಟಿದೆ ಎಂದೇ ಅರ್ಥ. ಬೆಳಗ್ಗೆ ಐದೂವರೆಗೆ ಇನ್ನೊಮ್ಮೆ ಹತ್ತಿ ತಗಡಿನ ಅಡಿ ಮುಟ್ಟಿ ನೋಡಿ. ಮಳೆ ಇಲ್ಲದ ದಿನವೂ ಕೈ ಒದ್ದೆಯಾದರೆ ಸೋರಿಕೆಯಲ್ಲ, ಹಬೆ. ಮೊಳೆಗಳ ತುದಿಯಲ್ಲಿ ತುಕ್ಕು, ಪಕ್ಕಾಸಿನ ಮೇಲೆ ಬಿಳಿ ಅಥವಾ ಕಪ್ಪು ಚುಕ್ಕೆ, ಹಳೆ ಗೋಣಿಯ ಮುಗ್ಗಲು ವಾಸನೆ ಎಲ್ಲ ಅದೇ ಕಾಯಿಲೆಯ ಲಕ್ಷಣಗಳು. ಪಕ್ಕಾಸಿಗೆ ಚೂಪು ಚಾಕು ಚುಚ್ಚಿದಾಗ ಬೆಣ್ಣೆಯಂತೆ ಒಳಗೆ ಹೋದರೆ ಲೆಕ್ಕ ಬದಿಗಿಟ್ಟು ಮೊದಲು ಆಚಾರಿಯನ್ನು ಕರೆಸಿ. ಅದರಡಿ ಮಲಗುವುದು ಬೇಡ.

ಯಜಮಾನರ ಮನೆಯಲ್ಲಿ ಇಂಥ ಒಂದು ಪಕ್ಕಾಸು ಸಿಕ್ಕಿತು. ಅದು ಇದ್ದದ್ದು ಅವರ ತಾಯಿ ಮಲಗುವ ಕೋಣೆಯ ನೆತ್ತಿಯಲ್ಲೇ! ಏಳು ಗೋಣಿ ಅಡಿಕೆ ಹೋಗದಿದ್ದರೆ ಯಾರೂ ಅಟ್ಟ ಹತ್ತಿ ನೋಡುತ್ತಿರಲಿಲ್ಲ. "ಅಡಿಕೆ ಹೋದದ್ದಕ್ಕೆ ಈಗ ಬೇಜಾರಿಲ್ಲ" ಎಂದು ಅವರು ಹೇಳುವುದು ಆ ಕಾರಣಕ್ಕೆ.

2023ರ ಬೇಸಗೆಯಲ್ಲಿ ಪಕ್ಕಾಸು ಬದಲಾಯಿತು, ತೂತು ಕೊರೆದದ್ದಾಯಿತು, ಪೈಪು ಹೊರಗೆ ಹೋಯಿತು. ಗಾರೆಯವನಿಗೆ ಎರಡು ದಿನದ ಕೆಲಸ. ಆ ವರ್ಷದ ಮಳೆಗಾಲವೂ ಅದರ ಮರುವರ್ಷದ್ದೂ ಕಳೆದವು. ತಗಡಿನಿಂದ ಹನಿ ಬೀಳಲಿಲ್ಲ. ಒಳಚೀಲದಲ್ಲಿ ಕಟ್ಟಿಟ್ಟ ಅಡಿಕೆಗೆ ಬೂಷ್ಟು ಬರಲಿಲ್ಲ. ಬೇಸಗೆಯ ಸೆಕೆ ಪೂರ್ತಿ ಹೋಯಿತೇ ಎಂದು ಕೇಳಿದರೆ ಮನೆಯ ಹೆಂಗಸರು ನಗುತ್ತಾರೆ. "ಹೋಗ್ಲಿಲ್ಲ. ಆದ್ರೆ ರಾತ್ರಿ ಹತ್ತು ಗಂಟೆಗೆ ಮನೆ ತಣಿತದೆ. ಮೊದಲು ಎರಡು ಗಂಟೆ ಆಗ್ತಿತ್ತು."

ಪೇಟೆಯಲ್ಲಿ ಇಂಥ ಎಷ್ಟೋ ಅಟ್ಟಗಳಿವೆ. ಕೆಳಗೆ ಗಿರಾಕಿ, ಮೇಲೆ ಸರಕು, ಅದರ ಮೇಲೆ ಕಾದ ತಗಡು. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಗೋಡೆ ಕೊರೆಯಲು ಯಾರೂ ಬರುವುದಿಲ್ಲ. ಬಿಸಿಲಿರುವಾಗಲೇ ಒಂದು ಭಾನುವಾರ ಅಂಗಡಿ ಬಾಗಿಲು ಹಾಕಿದ ಮೇಲೆ ಏಣಿ ಇಡಿ. ಉದ್ದ, ಅಗಲ, ಭಾಗಿಸು 150, ಜಾಲರಿಗೆ ಇಮ್ಮಡಿ, ಅರ್ಧ ಕೆಳಗೆ, ಅರ್ಧ ಮೇಲೆ. ಬಿಲ್ಲಿನ ಹಿಂದೆ ಬರೆದುಕೊಳ್ಳಲು ಇಷ್ಟೇ ಇರುವುದು.